ಎಲುಬಿನ ಮಾಸ್ತರರ ಹೆಂಡತಿ

ನಮ್ಮನಿಯವರು ನನ್ನ ಕೊರಳೆಲುಬು ನೋಡಿ ನನ್ನನ್ನು ಮದುವೆಯಾದರು ಎಂದರೆ ನೀವು ನಂಬುವುದಿಲ್ಲ. ಯಾರೂ ನಂಬುವುದಿಲ್ಲ. ಮುಖ ನೋಡಿ ಒಪ್ಪಿದವರುಂಟು, ಹೊಲ-ಮನೆ ನೋಡಿ ಒಪ್ಪಿದವರುಂಟು. ಎಲುಬು ನೋಡಿ ಹೆಣ್ಣು ಒಪ್ಪಿದ ಪುಣ್ಯಾತ್ಮ ಈ ಗದಗ-ಬೆಟಗೇರಿ ಸುತ್ತಿನಲ್ಲಿ ಅವರೊಬ್ಬರೇ ಇರಬೇಕು. ಆ ಪುಣ್ಯಾತ್ಮ ನನಗೇ ಗಂಟು ಬಿದ್ದರು. ಅವರ ಕಥೆ ಹೇಳಲು ಕುಳಿತಾಗಲೆಲ್ಲ ಮೊದಲು ನಗು ಬರುತ್ತದೆ. ಆಮೇಲೆ ಬರುವುದನ್ನು ಆಮೇಲೆ ಹೇಳುತ್ತೇನೆ.

ಆಗ ನಮ್ಮೂರು ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು. ದೇಶಕ್ಕೆ ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ಗದಗಿನ ಹೈಸ್ಕೂಲಿನಲ್ಲಿ ಶರೀರಶಾಸ್ತ್ರ ಕಲಿಸುವ, ಸಂಜೆ ಡ್ರಿಲ್ಲು ಮಾಡಿಸುವ ಮಾಸ್ತರರು ಕನ್ಯಾ ನೋಡಲು ಬರುತ್ತಾರೆಂದು ನಮ್ಮವ್ವ ನನಗೆ ಇಳಕಲ್ ಸೀರೆ ಉಡಿಸಿ, ಅವಲಕ್ಕಿಯ ತಾಟು ಕೈಗೆ ಕೊಟ್ಟು ಪಡಸಾಲೆಗೆ ಕಳಿಸಿದಳು. ನಾನು ತಲೆ ತಗ್ಗಿಸಿ ನಿಂತೆ. ವರ ನನಗೆ ಆಡಿದ ಮೊದಲ ಮಾತು ಇದು: "ತಲಿ ಎತ್ತವಾ. ಕುತಿಗಿಯೊಳಗ ಏಳು ಎಲುಬು ಅದಾವು. ಹಂಗ ಬಗ್ಗಿಸಿ ನಿಂತ್ರ ಏಳಕ್ಕೂ ತ್ರಾಸು."

ತುಂಬಿದ ಕೊಡ ಹೊತ್ತು ಅಂಗಳದಿಂದ ಒಳಗೆ ನಡೆದು ಬಾ ಎಂದರು. ನನಗೆ ಕುಂಟು ಇದೆಯೆಂದು ಇವರಿಗೆ ಯಾರೋ ಚಾಡಿ ಹೇಳಿದ್ದಾರೆಂದು ಸೋದರತ್ತೆ ಬಾಗಿಲ ಮರೆಯಲ್ಲಿ ಹಲ್ಲು ಕಡಿದಳು. ನಾನು ನಡೆದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, ನಮ್ಮಪ್ಪನ ಕಡೆ ತಿರುಗಿ, ಹುಡುಗಿಯ ಕೊರಳ ಬುಡದಿಂದ ಹೆಗಲಿಗೆ ಹೋಗುವ ಕೊರಳೆಲುಬು ಎರಡೂ ಸರಿಸಮ ಇವೆ, ನೀರು ಹೊರುವ ಮಂದಿಯಲ್ಲಿ ಇದು ಬಹಳ ಅಪರೂಪ, ನನಗೆ ಒಪ್ಪಿಗೆ ಎಂದುಬಿಟ್ಟರು. ನಮ್ಮಪ್ಪನಿಗೆ ಖುಷಿಪಡಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಅವರು ಹೋದ ಮೇಲೆ ಅವ್ವನಿಗೆ ಹೇಳಿದ: "ಹುಚ್ಚ ಅದಾನ. ಆದ್ರ ಮಾಸ್ತರ ಅದಾನ. ಹುಚ್ಚು ಯಾರಿಗರೆ ಇರತೈತಿ, ನೌಕರಿ ಎಲ್ಲಾರಿಗೂ ಇರಂಗಿಲ್ಲ."

ಹೀಗೆ ನಾನು ಬೆಟಗೇರಿಗೆ ಬಂದೆ. ನೇಕಾರರ ಓಣಿಯಲ್ಲಿ ಬಾಡಿಗೆ ಮನೆ. ಬೆಳಗಾದರೆ ಸುತ್ತಲೂ ಮಗ್ಗದ ಸಪ್ಪಳ. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮತ್ತೆ. ಅತ್ತೆ ಮಲ್ಲಸಮುದ್ರದ ಒಕ್ಕಲುತನದ ಮನೆಯವರು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಇದ್ದೊಬ್ಬ ಮಗನನ್ನು ಓದಿಸಿದವರು. ಆ ಓದು ಮಗನನ್ನು ಎಲ್ಲಿಗೆ ಮುಟ್ಟಿಸಿದೆ ಎಂಬುದನ್ನು ದಿನಾ ಕಣ್ಣಾರೆ ನೋಡುತ್ತಿದ್ದರು, ಪಾಪ.

ನಾನು ಜೋಳ ಬೀಸಲು ಕುಳಿತರೆ ಇವರು ಚಹಾದ ಬಟ್ಟಲು ಹಿಡಿದು ಎದುರಿಗೆ ಕೂರುತ್ತಿದ್ದರು. ಹೊಸ ಹೆಂಡತಿಯ ಮುಖ ನೋಡುತ್ತಾರೆಂದು ನಾನು ಮೊದಮೊದಲು ನಾಚಿಕೊಂಡದ್ದೂ ಉಂಟು. ಅವರು ನೋಡುತ್ತಿದ್ದುದು ನನ್ನ ತೋಳು. ನೀನು ಕಲ್ಲನ್ನು ದೂಡುತ್ತೇನೆಂದು ತಿಳಿದಿದ್ದೀ, ಅದು ತಪ್ಪು, ಮೈಯೊಳಗಿನ ಯಾವ ಸ್ನಾಯುವಿಗೂ ದೂಡಲು ಬರುವುದಿಲ್ಲ, ಜಗ್ಗಲು ಮಾತ್ರ ಬರುತ್ತದೆ ಎನ್ನುವರು. ಕೈ ಮುಂದೆ ಹೋಗುವಾಗ ಒಂದು ಜಗ್ಗುತ್ತದೆ, ಹಿಂದೆ ಬರುವಾಗ ಇನ್ನೊಂದು ಜಗ್ಗುತ್ತದೆ, ಎಲುಬು ನಡುವೆ ಸುಮ್ಮನೆ ಹೇಳಿದಂತೆ ಕೇಳುತ್ತದೆ. ಅತ್ತೆ ಮೂಲೆಯಿಂದ ಹೇಳುವರು: "ಹಂಗಾರ ಎದ್ದ ಬಂದು ನೀನೂ ಒಂದೀಟು ಜಗ್ಗಪಾ." ಆಗ ಇವರಿಗೆ ಶಾಲೆಗೆ ಹೊತ್ತಾಗುತ್ತಿತ್ತು.

ಒಮ್ಮೆ ರೊಟ್ಟಿ ದಪ್ಪ ಆಯಿತೆಂದು ಅತ್ತೆಗೂ ನನಗೂ ಮಾತಿಗೆ ಮಾತು ಬೆಳೆಯಿತು. ಇವರು ಒಲೆಯಿಂದ ಇದ್ದಲಿ ತೆಗೆದು, ಯುಗಾದಿಗೆಂದು ಸುಣ್ಣ ಬಳಿದಿದ್ದ ಗೋಡೆಯ ಮೇಲೆ ದೊಡ್ಡದೊಂದು ತೋಳು ಬರೆದರು. ತೋಳಿನ ಮುಂದಿನ ಸ್ನಾಯು ಬಿಗಿಯಾದರೆ ಹಿಂದಿನದು ಸಡಿಲ ಬಿಡಬೇಕು, ಆಗಲೇ ಮೊಣಕೈ ಮಡಚುತ್ತದೆ, ಎರಡೂ ಒಮ್ಮೆಗೇ ಬಿಗಿದರೆ ತೋಳು ಕಟ್ಟಿಗೆಯಾಗಿ ನಿಲ್ಲುತ್ತದೆ, ನೀವಿಬ್ಬರೂ ಈಗ ಹಾಗೆ ನಿಂತಿದ್ದೀರಿ ಎಂದು ವಿವರಿಸಿದರು. ಪಾಠದ ಪರಿಣಾಮ ಚೆನ್ನಾಗಿಯೇ ಆಯಿತು. ಅತ್ತೆಯೂ ನಾನೂ ಒಂದಾಗಿ, ಗೋಡೆ ಕೆಡಿಸಿದ್ದಕ್ಕೆ ಅವರನ್ನು ಬೈದೆವು.

ಮನೆಯಲ್ಲಿ ಮುಗಿಯಿತೆಂದರೆ ಓಣಿಗೆ ಹೋಗುತ್ತಿದ್ದರು. ಪಕ್ಕದ ಮನೆಯ ನೇಕಾರ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಬಾಗಿ ನೇಯುವವನು. ಇವರು ಅವನ ಬೆನ್ನ ಹಿಂದೆ ನಿಂತು, ಬೆನ್ನೆಲುಬು ಕೋಲಿನಂತೆ ನೆಟ್ಟಗಿರುವುದಿಲ್ಲ, ಕೊರಳಲ್ಲಿ ಒಳಕ್ಕೆ, ಎದೆಯಲ್ಲಿ ಹೊರಕ್ಕೆ, ಸೊಂಟದಲ್ಲಿ ಮತ್ತೆ ಒಳಕ್ಕೆ ಬಾಗಿರುತ್ತದೆ, ಎಲುಬು ಎಲುಬಿನ ನಡುವೆ ಮೆತ್ತನೆಯ ಬಿಲ್ಲೆ ಇರುತ್ತದೆ, ನೀನು ಅದನ್ನು ಹಿಂಡುತ್ತಿದ್ದೀ ಎಂದು ಹೇಳುತ್ತಿದ್ದರು. ಅವನು ಕೇಳಿ ಕೇಳಿ ಒಂದು ದಿನ ಮಗ್ಗ ಬಿಟ್ಟು ಎದ್ದು ನಿಂತ. "ಮಾಸ್ತರ, ಬೆನ್ನ ನೆಟ್ಟಗ ಇಟ್ಟು ಹೆಂಗ ನೇಯೋದು, ಒಂದ ಸಲ ತೋರಸ್ರಿ." ಇವರು ಇಳಿದು ಕುಳಿತರು. ಬೆನ್ನೇನೋ ಬಹಳ ಸುಂದರವಾಗಿ ನಿಂತಿತ್ತು. ಆದರೆ ಲಾಳಿ ಎಲ್ಲೋ ಹಾರಿ, ಎಳೆಗಳು ಹರಿದು ಗೋಜಲಾಗಿ, ಅದನ್ನು ಬಿಡಿಸಲು ಓಣಿಯ ಹೆಂಗಸರೆಲ್ಲ ಕೂಡಬೇಕಾಯಿತು. ಆ ಹೆಂಗಸರಲ್ಲಿ ನಾನೂ ಒಬ್ಬಳು.

ಸ್ವಾತಂತ್ರ್ಯ ಬಂದ ದಿನದ ಸುದ್ದಿಯನ್ನಂತೂ ಗದಗಿನಲ್ಲಿ ಬಹಳ ವರ್ಷ ಆಡಿಕೊಂಡರು. ಶಾಲೆಯ ಬಯಲಿನಲ್ಲಿ ಹುಡುಗರ ಮೇಲೆ ಹುಡುಗರನ್ನು ನಿಲ್ಲಿಸಿ ಗೋಪುರ ಕಟ್ಟಿಸಿದ್ದರು. ತುದಿಯಲ್ಲೊಬ್ಬ ಬಾವುಟ ಹಿಡಿದವನು. ಚಳವಳಿಯಲ್ಲಿ ಜೈಲು ಕಂಡು ಬಂದ ಹಿರಿಯರೊಬ್ಬರು ವೇದಿಕೆಯ ಮೇಲೆ ಭಾಷಣಕ್ಕೆ ಕಾದಿದ್ದರು. ಇವರು ಸೀಟಿ ಊದಿದರೆ ಹುಡುಗರು ವಂದನೆ ಮಾಡಿ ಇಳಿಯಬೇಕು. ಅಷ್ಟೇ ಕೆಲಸ. ಆದರೆ ಅಷ್ಟು ಮಂದಿ ಒಂದೇ ಕಡೆ ಕೂಡಿದ್ದನ್ನು ಕಂಡ ಮೇಲೆ ಇವರಿಗೆ ಸುಮ್ಮನಿರಲು ಆಗುತ್ತದೆಯೆ? ಸೀಟಿಯನ್ನು ಕಿಸೆಗೆ ಹಾಕಿ, ತಲೆಯ ಭಾರ ಬೆನ್ನೆಲುಬಿಗೆ ಹೇಗೆ ಇಳಿಯುತ್ತದೆ, ಅಲ್ಲಿಂದ ಸೊಂಟದ ಎಲುಬಿಗೆ ಹೇಗೆ ಹಂಚುತ್ತದೆ ಎಂದು ಶುರುಮಾಡಿದರು. ತೊಡೆಯೆಲುಬಿನ ವರ್ಣನೆಗೆ ಬಂದಾಗ ಕೆಳಸಾಲಿನ ಹುಡುಗರ ತೊಡೆ ನಡುಗುತ್ತಿತ್ತು. ಮಂಡಿಚಿಪ್ಪಿಗೆ ಬರುವಷ್ಟರಲ್ಲಿ ಗೋಪುರ ನೆಲಕ್ಕೆ ಬಂತು. ಬಾವುಟವನ್ನು ಆ ಹಿರಿಯರೇ ಓಡಿಬಂದು ಹಿಡಿದರು.

ಒಬ್ಬ ಹುಡುಗನ ಕಾಲು ಉಳುಕಿತ್ತು. ಇವರು ಆ ಪಾದವನ್ನು ಎತ್ತಿ ಮಂದಿಗೆ ತೋರಿಸಿ, ಎಲುಬು ಮುರಿದಿಲ್ಲ, ಎಲುಬಿಗೆ ಎಲುಬು ಕಟ್ಟುವ ಹುರಿ ಎಳೆದಿದೆ ಅಷ್ಟೆ, ಇವೆರಡರ ವ್ಯತ್ಯಾಸ ಎಲ್ಲರೂ ತಿಳಿದಿರಬೇಕು ಎಂದರು. ನಾನು ಹೆಂಗಸರ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ಹೆಡ್ ಮಾಸ್ತರರು ಅವತ್ತು ಸಂಜೆ ನಮ್ಮ ಮನೆಗೆ ಬಂದು, ನೀರು ಕುಡಿದು, ಬಹಳ ಶಾಂತವಾಗಿ ಕೇಳಿದರು: "ದೇಶಕ್ಕಂತೂ ಸ್ವಾತಂತ್ರ್ಯ ಬಂತು. ನಮಗ ನಿಮ್ಮಿಂದ ಯಾವಾಗ್ರಿ?"

ದೇಶಕ್ಕೆ ಬಂದರೂ ನನ್ನ ತವರಿಗೆ ಅದು ಇನ್ನೂ ಮುಟ್ಟಿರಲಿಲ್ಲ. ಗದಗ ಮುಂಬೈ ಇಲಾಖೆಗೆ, ಲಕ್ಷ್ಮೇಶ್ವರ ಮಿರಜಕ್ಕೆ, ಶಿರಹಟ್ಟಿ ಸಾಂಗಲಿಗೆ, ಮುಂಡರಗಿ ದಾಟಿ ಮುಂದೆ ಹೋದರೆ ನಿಜಾಮನಿಗೆ. ನಾನು ಅವ್ವನನ್ನು ನೋಡಲು ಹೊರಟರೆ ಪರರಾಜ್ಯಕ್ಕೆ ಹೊರಟಂತೆ. ಇವರಿಗೆ ಇದು ಎಲುಬು ಮುರಿದ ಕೈಯಂತೆಯೇ ಕಾಣುತ್ತಿತ್ತು. ಏಕೀಕರಣದ ಸಭೆಗಳಿಗೆ ಹೋಗಿ, ಮುರಿದ ಎಲುಬನ್ನು ಜಲ್ದಿ ಸೇರಿಸಿ ಕಟ್ಟಬೇಕು, ತಡ ಮಾಡಿದರೆ ಸೊಟ್ಟ ಕೂಡುತ್ತದೆ ಎನ್ನುತ್ತಿದ್ದರು. ಮಾತು ಅಲ್ಲಿಗೇ ನಿಂತಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇವರು ಎಲುಬು ಕೂಡುವ ಬಗೆಯನ್ನು ಮೊದಲಿನಿಂದ ಹೇಳಲು ಹತ್ತುತ್ತಿದ್ದರು. ಮುಂಡರಗಿಯ ಸಭೆಯೊಂದರಲ್ಲಿ ಹಿಂದಿನ ಸಾಲಿನವರು ಮಲಗಿಯೇಬಿಟ್ಟರಂತೆ. ಮಂದಿಗೆ ಸ್ನಾಯು ಸಡಿಲ ಬಿಡುವುದು ಬಹಳ ಅವಶ್ಯ ಎಂದು ಇವರು ಅದನ್ನೂ ಸಮಾಧಾನವಾಗಿ ಹೇಳಿಕೊಂಡರು.

ಆಮೇಲೆ ಬಂದದ್ದು ಅಸ್ಥಿಪಂಜರ. ಶಾಲೆಗೊಂದು ಅಸ್ಥಿಪಂಜರ ಬೇಕೆಂದು ಹೆಡ್ ಮಾಸ್ತರರ ಬೆನ್ನು ಹತ್ತಿದ್ದರು. ಅವರು ಆಗುವುದಿಲ್ಲ ಎಂದರು. ಇವರು ಶಿರಹಟ್ಟಿಯ ಬಡಿಗನೊಬ್ಬನನ್ನು ಹಿಡಿದು, ಚಿತ್ರ ಬರೆದು ಕೊಟ್ಟು, ಬೇವಿನ ಕಟ್ಟಿಗೆಯಲ್ಲಿ ಆಳೆತ್ತರದ ಅಸ್ಥಿಪಂಜರ ಮಾಡಿಸಿದರು. ತೊಡೆಯೆಲುಬಿನ ಗುಂಡು ಸೊಂಟದ ಕುಳಿಯಲ್ಲಿ ಒರಳಿನ ಗುಂಡಿನಂತೆ ತಿರುಗಬೇಕು, ಮೊಣಕಾಲು ಮಾತ್ರ ಬಾಗಿಲಿನ ಬಿಜಾಗ್ರಿಯಂತೆ ಒಂದೇ ಕಡೆ ಮಡಚಬೇಕು ಎಂದು ಅವನ ಜೀವ ತಿಂದಿದ್ದರು. ಇವರು ನನ್ನನ್ನು ತವರಿನಿಂದ ಕರೆತರುವಾಗ ಶಿರಹಟ್ಟಿಯಲ್ಲಿ ಇಳಿದು ಇಬ್ಬರೂ ಕೂಡಿಯೇ ಅದನ್ನು ತರಲು ಹೋದೆವು. ಬಡಿಗ ನನ್ನ ಮುಖ ನೋಡಿ ಹೇಳಿದ: "ಬಾಗಲ ಮಾಡೇನಿ, ತೊಟ್ಟಲ ಮಾಡೇನ್ರಿ ಅಕ್ಕಾರ. ಒಳಗಿನ ಮನಷ್ಯಾನ್ನ ಮಾಡಂದಾವ್ರು ಇವರೊಬ್ಬರ."

ಬಸ್ಸಿನಲ್ಲಿ ಅದನ್ನು ನಮ್ಮಿಬ್ಬರ ನಡುವೆ ಕೂಡಿಸಿ, ಮೈಗೆ ಧೋತರ ಸುತ್ತಿ, ತಲೆಗೆ ಟವೆಲು ಹೊಚ್ಚಿದರು. ಎದುರಿಗೆ ಡೋಣಿ ಊರಿನ ಮುದುಕನೊಬ್ಬ ಕುಳಿತಿದ್ದ. ಬಹಳ ಹೊತ್ತು ನೋಡಿ, ನಿಮ್ಮ ಮಾವನವರೇನವಾ, ಆರಾಮಿಲ್ಲೇನು ಎಂದು ಕೇಳಿದ. ನಾನು ಏನು ಹೇಳಲಿ? ಹೌದ್ರಿ, ಭಾಳ ಸೊರಗ್ಯಾರ ಎಂದೆ. ಮುದುಕ ಮರುಗಿ, ತನ್ನ ಸಂಚಿಯಿಂದ ಎಲೆ ತೆಗೆದು ಸುಣ್ಣ ಹಚ್ಚಿ, ಇದಿಷ್ಟು ಬಾಯಿಗೆ ಹಾಕ್ಕೊಳ್ರಿ ಎಂದು ಧೋತರದ ಕಡೆಗೆ ಚಾಚಿದ. ಅದೇ ಹೊತ್ತಿಗೆ ಬಸ್ಸು ತಗ್ಗಿಗೆ ಇಳಿದು ಟವೆಲು ಜಾರಿತು.

ಬಸ್ಸು ನಿಂತಿತು. ಅರ್ಧ ಮಂದಿ ಇಳಿದೇಬಿಟ್ಟಿದ್ದರು. ಇದನ್ನು ಸಾಮಾನು ಕಟ್ಟುವ ಟಪ್ಪಿನ ಮೇಲೆ ಹಾಕದಿದ್ದರೆ ಬಸ್ಸು ಬಿಡುವುದಿಲ್ಲವೆಂದು ಕಂಡಕ್ಟರ್ ಹಟ ಹಿಡಿದ. ಕೀಲು ಕಳಚೀತೆಂದು ಇವರೂ ಅದರ ಸಂಗಡ ಟಪ್ಪಿನ ಮೇಲೆ ಹತ್ತಿ, ಅದನ್ನು ತಬ್ಬಿ ಹಿಡಿದು ಗದಗಿನವರೆಗೆ ಬಂದರು. ನಾನೊಬ್ಬಳೇ ಕೆಳಗೆ, ಅಷ್ಟೂ ಮಂದಿಯ ಕಣ್ಣಿಗೆ ಗುರಿಯಾಗಿ ಕುಳಿತಿದ್ದೆ. ಇಳಿಯುವಾಗ ಆ ಮುದುಕ ನನ್ನ ತಲೆಯ ಮೇಲೆ ಕೈಯಿಟ್ಟು ಹರಸಿದ. ಮಾವನವರಿಗಾಗಿ ಅಲ್ಲ, ಗಂಡನ ಸಲುವಾಗಿ ಎಂದು ಆ ಕೈಯ ಭಾರದಿಂದಲೇ ತಿಳಿಯಿತು.

ಅತ್ತೆ ಅದನ್ನು ಕಂಡು, ಸತ್ತವರ ಎಲುಬು ಮನೆಗೆ ತಂದೆಯಾ ಎಂದು ಹೊಸ್ತಿಲಾಚೆ ಕುಳಿತುಬಿಟ್ಟರು. ಇದು ಕಟ್ಟಿಗೆ ಎಂದರೂ ಕೇಳಲಿಲ್ಲ. ಎಲುಬು ಸತ್ತದ್ದಲ್ಲವ್ವಾ, ಅದು ಜೀವಂತ, ನಿನ್ನ ರಕ್ತ ಹುಟ್ಟುವುದೇ ಎಲುಬಿನ ಒಳಗೆ, ನಿನ್ನ ಎದೆಗೂಡು ಇರದಿದ್ದರೆ ನಿನ್ನ ಹೃದಯಕ್ಕೆ ಕಾವಲೇ ಇಲ್ಲ ಎಂದು ಇವರು ಹೊಸ್ತಿಲಲ್ಲೇ ಪಾಠ ಹಚ್ಚಿದರು. ಕೇಳಿ ಕೇಳಿ ಬೇಸತ್ತು ಅತ್ತೆ ಒಳಗೆ ಬಂದರು. ತಿಂಗಳೊಪ್ಪತ್ತಿನಲ್ಲಿ ರೂಢಿಯೂ ಆಯಿತು. ಶಾಲೆಯಲ್ಲಿ ಅದಕ್ಕೆ ಜಾಗ ಸಿಗಲೇ ಇಲ್ಲ, ಪಾಠವಿದ್ದ ದಿನ ಹುಡುಗರು ಹೊತ್ತೊಯ್ದು ತಿರುಗಿ ತಂದಿಡುತ್ತಿದ್ದರು. ಮನೆಯಲ್ಲೇ ನಿಂತಿದ್ದ ಅದರ ಪಕ್ಕೆಲುಬಿಗೆ ಅತ್ತೆ ಬೆಳ್ಳುಳ್ಳಿಯ ಗೊಂಚಲು ಕಟ್ಟಿ ಒಣಗಿಸುತ್ತಿದ್ದರು.

ಇಲ್ಲಿಯವರೆಗೆ ನಗು. ಇನ್ನು ಮುಂದಿನದನ್ನು ಹೇಗೆ ಹೇಳಬೇಕೋ ನನಗೆ ಇಂದಿಗೂ ಗೊತ್ತಾಗಿಲ್ಲ.

ಕೆಲವು ವರ್ಷ ಕಳೆದಿದ್ದವು. ಒಂದು ಮುಂಜಾನೆ ಇವರು ಕೋಟಿನ ಗುಂಡಿ ಹಾಕಲು ಬಾರದೆ ನಿಂತಿದ್ದರು. ಎರಡು ದಿನದ ಹಿಂದೆ ಬೋರ್ಡಿನ ಮುಂದೆ ಸೀಮೆಸುಣ್ಣ ಕೈಯಿಂದ ಜಾರಿ ಜಾರಿ ಬಿದ್ದಿತ್ತಂತೆ. ನಾನು ಗುಂಡಿ ಹಾಕಿದೆ. ಅವರು ಕಿಟಕಿಯ ಬಿಸಿಲಿಗೆ ಬಲಗೈ ಹಿಡಿದು ಕುಳಿತರು. ಹೆಬ್ಬೆರಳು ತೋರುಬೆರಳಿನ ನಡುವೆ, ಹಿಂಬದಿಯಲ್ಲಿ, ಉಬ್ಬಿರಬೇಕಾದ ಜಾಗ ತಗ್ಗಾಗಿತ್ತು. ಎಡಗೈಯನ್ನು ಪಕ್ಕಕ್ಕೆ ಇಟ್ಟು ತಾಳೆ ನೋಡಿದರು. ಕಿಸೆಯಲ್ಲಿದ್ದ ಕೀಲಿಕೈ ಕಳೆದವರ ದನಿಯಲ್ಲಿ ಹೇಳಿದರು: "ಇಲ್ಲೊಂದು ಸ್ನಾಯು ಇತ್ತು. ಎಲ್ಲಿ ಹೋತು?"

ಆಮೇಲೆ ತೋಳು ಹಾರತೊಡಗಿತು. ಚರ್ಮದ ಕೆಳಗೆ ಅಲ್ಲೊಮ್ಮೆ ಇಲ್ಲೊಮ್ಮೆ ಮಿಡುಕುವುದು, ನೀರಿನ ಕೆಳಗೆ ಸಣ್ಣ ಮೀನು ಹೊರಳಿದಂತೆ. ಇವರಿಗೆ ಅದೊಂದು ದೊಡ್ಡ ತಮಾಷೆ. ಅಂಗಿ ತೆಗೆದು ಕುಳಿತು, ಪಕ್ಕದ ನೇಕಾರನನ್ನು ಕರೆದು, ನೋಡು, ನಾನು ಹೇಳದೆಯೇ ತಾನೇ ಕುಣಿಯುತ್ತದೆ ಎಂದು ತೋರಿಸಿದರು. ಅವನು ತೋಳು ನೋಡಲಿಲ್ಲ. ನನ್ನ ಮುಖ ನೋಡಿದ. ನಾನು ಅಂಗಿ ತಂದು ಇವರಿಗೆ ತೊಡಿಸಿದೆ.

ಗದಗಿನ ಡಾಕ್ಟರರು ನಿತ್ರಾಣ ಎಂದು ಔಷಧದ ಬಾಟಲಿ ಕೊಟ್ಟು, ಹಾಲು ಕುಡಿಸಿರಿ ಎಂದರು. ಕುಡಿಸಿದೆ. ಬಲಗೈ ಸೋತು ಎಡಗೈಗೆ ಹಬ್ಬಿತು. ಕೊನೆಗೆ ರೈಲು ಹತ್ತಿ ಮಿರಜಿಗೆ ಹೋಗಿ ದೊಡ್ಡ ಡಾಕ್ಟರರೊಬ್ಬರಿಗೆ ತೋರಿಸಿದೆವು. ಅವರು ಇವರ ನಾಲಿಗೆ ನೋಡಿದರು, ಸಣ್ಣ ಸುತ್ತಿಗೆಯಿಂದ ಮೊಣಕಾಲು ಬಡಿದರು, ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ಇವರು ಒಳ್ಳೆಯ ವಿದ್ಯಾರ್ಥಿಯಂತೆ ತಲೆಯಾಡಿಸಿ, ನಡುನಡುವೆ ಪ್ರಶ್ನೆಯನ್ನೂ ಕೇಳಿದರು. ಹೊರಗೆ ಬಂದು ಬೇವಿನ ಗಿಡದ ಕೆಳಗೆ ನನಗೆ ಕನ್ನಡದಲ್ಲಿ ಹೇಳಿದರು:

"ಸ್ನಾಯುವಿಂದು ಏನೂ ತಪ್ಪಿಲ್ಲ. ಅದಕ್ಕ ಹುಕುಮ ತರೂ ನರ ಒಣಗಾಕ ಹತ್ಯಾವು. ಹುಕುಮ ಬರಲಿಲ್ಲಂದ್ರ ಅದು ಕೆಲಸ ಬಿಡತೈತಿ. ಕೆಲಸ ಬಿಟ್ಟದ್ದು ಕರಗತೈತಿ."

"ಔಷಧ?"

"ಇಲ್ಲ."

"ಮತ್ತ?"

"ಮತ್ತೇನಿಲ್ಲ. ನಡಿ, ಗಾಡಿಗೆ ಹೊತ್ತಾತು."

ರೈಲಿನಲ್ಲಿ ಎದುರು ಕುಳಿತವರು, ಎಲ್ಲಿಗೆ ಹೋಗಿದ್ರಿ ಎಂದು ಸುಮ್ಮನೆ ಮಾತಿಗೆ ಕೇಳಿದರು. ಇವರು ಡಬ್ಬಿಗೆ ಡಬ್ಬಿಯೇ ಕೇಳುವಂತೆ ಎಲ್ಲ ವಿವರಿಸಿದರು. ಮೊದಲು ಕೈ, ಆಮೇಲೆ ಕಾಲು, ಆಮೇಲೆ ನಾಲಿಗೆ, ನುಂಗುವ ಸ್ನಾಯು, ಕಡೆಗೆ ಪಕ್ಕೆಲುಬಿನ ನಡುವಿನವು ಮತ್ತು ಎದೆಯ ಕೆಳಗಿನ ಪರದೆಯಂಥ ದೊಡ್ಡ ಸ್ನಾಯು, ಅದು ನಿಂತರೆ ಉಸಿರು ನಿಲ್ಲುತ್ತದೆ. ಮುಂದಿನ ನಿಲ್ದಾಣಗಳ ಹೆಸರು ಹೇಳಿದಂತೆ ಹೇಳಿದರು. ಮೂಲೆಯಲ್ಲಿದ್ದ ಹೆಂಗಸೊಬ್ಬಳು ಅಳಹತ್ತಿದಳು. ನಾನು ಕಿಟಕಿಯಾಚೆ ನೋಡುತ್ತ ಕುಳಿತೆ. ನನ್ನ ಗಂಡನ ಸಾವು ನನಗಿಂತ ಮೊದಲು ಆ ಪರವೂರ ಹೆಂಗಸಿಗೆ ಅರ್ಥವಾಗಿತ್ತು.

ಅವರು ಹೇಳಿದ ಕ್ರಮದಲ್ಲೇ ಎಲ್ಲ ನಡೆಯಿತು. ಒಂದು ಹೆಜ್ಜೆ ತಪ್ಪಲಿಲ್ಲ. ತಪ್ಪಲಿ ಎಂದು ನಾನು ಬೇಡಿಕೊಳ್ಳದ ದೇವರಿಲ್ಲ. ಗಂಡ ಹೇಳಿದ ಒಂದು ಪಾಠವಾದರೂ ಸುಳ್ಳಾಗಲಿ ಎಂದು ಬೇಡುವ ಹೆಂಡತಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಬೇಸತ್ತು ಸ್ವಾತಂತ್ರ್ಯ ಕೇಳಿದ್ದ ಆ ಹೆಡ್ ಮಾಸ್ತರರೇ ಈಗ ಇವರ ಕೈಬಿಡಲಿಲ್ಲ. ಕಾಲು ಸೋತ ಮೇಲೆ ಕುರ್ಚಿಯಲ್ಲಿ ಹೊತ್ತು ತರಿಸಿ ವರ್ಗದಲ್ಲಿ ಕೂಡಿಸುತ್ತಿದ್ದರು. ಇವರು ಅಂಗಿ ತೆಗೆಸಿ, ಮಾಂಸ ಕರಗಿದ ತಮ್ಮ ಬೆನ್ನನ್ನೇ ಹುಡುಗರ ಕಡೆ ತಿರುಗಿಸಿ, ಇದು ಭುಜದ ಹಲಗೆ, ಬಡಿಗ ಇದನ್ನು ದಪ್ಪ ಮಾಡಿದ್ದಾನೆ, ಖರೆ ಹೀಗೆ ತೆಳ್ಳಗಿರುತ್ತದೆ ಎಂದು ಹೇಳುತ್ತಿದ್ದರಂತೆ. ಹುಡುಗರು ತಲೆ ಎತ್ತುತ್ತಿರಲಿಲ್ಲ. ಮನೆಗೆ ಹೋಗಿ ಅತ್ತರೆಂದು ಅವರ ತಂದೆ-ತಾಯಂದಿರು ಬಂದು ಹೇಳಿಕೊಂಡರು. ಒಂದು ಸಂಜೆ ಹೆಡ್ ಮಾಸ್ತರರು ನಮ್ಮ ಮನೆಗೆ ಬಂದು, ನೀರು ಕುಡಿದು, ನಾಳೆಯಿಂದ ಬರುವುದು ಬೇಡ್ರಿ ಎಂದರು. ಇವರಿಗೆ ಬೇಜಾರಾದದ್ದು ಒಂದಕ್ಕೇ. ಬರುವ ವರ್ಷ ಎಲುಬುಗಳು ಇನ್ನೂ ಸ್ಪಷ್ಟ ಕಾಣುತ್ತಿದ್ದವು, ಆ ಹುಡುಗರಿಗೆ ತಪ್ಪಿತಲ್ಲ ಎಂದು.

ಅತ್ತೆಗೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು. ಒಂದು ದಿನ ಮುಂಜಾನೆ, ಇದು ಬಂದ ಮೇಲೆಯೇ ನನ್ನ ಮಗ ಸೊರಗಿದ ಎಂದು ಆ ಕಟ್ಟಿಗೆಯ ಅಸ್ಥಿಪಂಜರವನ್ನು ಎಳೆದು, ಮುರಿದು, ಬಚ್ಚಲ ಒಲೆಗೆ ಹಾಕಿದರು. ನಾನು ತಡೆಯಲು ಹೋಗಿ, ಅವರ ಮುಖ ನೋಡಿ ಹಿಂದೆ ಸರಿದೆ. ಒಳಗೆ ಮಂಚದ ಮೇಲಿದ್ದ ಇವರಿಗೆ ಚಟಚಟ ಸಪ್ಪಳ ಕೇಳಿಸಿತು. ಅಷ್ಟೊತ್ತಿಗೆ ಮಾತು ತೊದಲುತ್ತಿತ್ತು. ಅವ್ವಾ, ಈಗ ಹಾಕಿದ್ದು ಯಾವ ಎಲುಬು ಎಂದು ಕೇಳಿದರು.

"ನನಗೇನ ಗೊತ್ತು. ಉದ್ದಂದು," ಎಂದರು ಅತ್ತೆ.

"ತೊಡಿದು. ಅದು ಭಾಳ ಹೊತ್ತು ಉರೀತೈತಿ," ಎಂದರು ಇವರು.

ಅತ್ತೆ ಅಲ್ಲೇ ಬಚ್ಚಲಲ್ಲಿ ಕುಳಿತು, ಹೊಗೆಗೆ ಮುಖ ಕೊಟ್ಟು ಅತ್ತರು. ಆ ನೀರಿನಿಂದಲೇ ನಾವಿಬ್ಬರೂ ಕೂಡಿ ಅವರಿಗೆ ಎರೆದೆವು. ಒಬ್ಬರು ಬೆನ್ನ ಹಿಂದೆ ಆತು ಹಿಡಿಯಬೇಕು, ಒಬ್ಬರು ಎರೆಯಬೇಕು. ಅಂಥ ಬಿಸಿನೀರು ಆ ಮನೆಯಲ್ಲಿ ಮತ್ತೆ ಎಂದೂ ಕಾಯಲಿಲ್ಲ.

ಕಡೆಕಡೆಗೆ ಅವರ ಮಾತು ನನ್ನೊಬ್ಬಳಿಗೇ ತಿಳಿಯುತ್ತಿತ್ತು. ಬಂದವರ ಮುಂದೆ ಅವರು ಏನೋ ಉಲಿಯುವರು, ನಾನು ಅದನ್ನು ಕನ್ನಡ ಮಾಡಿ ಹೇಳಬೇಕು. ನನಗೆ ಒಲೆಯ ಮೇಲೆ ಅನ್ನ, ಹಿತ್ತಲಲ್ಲಿ ಬಟ್ಟೆ. ಅವರು ನಾಲಿಗೆಯ ಸ್ನಾಯು ಎಲುಬಿಗೆ ಹೇಗೆ ಅಂಟಿದೆ ಎಂಬುದನ್ನು ಬೆವರು ಹರಿಸಿ ಉದ್ದಕ್ಕೆ ಹೇಳಿದರೆ, ನಾನು ಬಂದವರಿಗೆ "ಚಹಾ ಕುಡೀರಿ ಅಂತಾರ" ಎಂದು ಮುಗಿಸುತ್ತಿದ್ದೆ. ಅವರು ಕಣ್ಣಲ್ಲೇ ನನ್ನನ್ನು ಬೈಯುತ್ತಿದ್ದರು. ಕಣ್ಣಿನ ಸ್ನಾಯುಗಳು ಮಾತ್ರ ಕಡೆಯವರೆಗೂ ಗಟ್ಟಿ ಇದ್ದವು, ಆದ್ದರಿಂದ ಬೈಗುಳಕ್ಕೇನೂ ಕೊರತೆಯಿರಲಿಲ್ಲ. ಮಂದಿ ಹೋದ ಮೇಲೆ, ನೀ ಪೂರಾ ಹೇಳಲಿಲ್ಲ ಎಂದು ತಕರಾರು. ನಾನೂ ಸುಮ್ಮನಿರುವವಳಲ್ಲ. ನೀವು ಗಟ್ಟಿ ಇದ್ದಾಗ ಹೇಳಿದ್ದನ್ನೇ ಯಾರೂ ಪೂರಾ ಕೇಳಿಲ್ಲ ಎನ್ನುತ್ತಿದ್ದೆ. ಹಾಗೆಂದು ಹೇಳಿ ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ಕುಳಿತು, ಬಟ್ಟೆ ಒಗೆಯದೆಯೇ ಎದ್ದು ಬರುತ್ತಿದ್ದೆ.

ಆ ವರ್ಷದ ಚಳಿಗಾಲ ಕಳೆಯುವ ಮೊದಲೇ ಅವರು ಹೋದರು. ಒಂದು ಮಧ್ಯಾಹ್ನ, ಉಸಿರು ಸಣ್ಣದಾಗಿ, ಅವರೇ ರೈಲಿನಲ್ಲಿ ಹೇಳಿದ್ದ ಹಾಗೆಯೇ. ಅತ್ತೆಯ ತೊಡೆಯ ಮೇಲೆ ತಲೆಯಿತ್ತು. ಅದರ ಬಗ್ಗೆ ನನಗೆ ಹೇಳುವುದೇನೂ ಇಲ್ಲ. ಹೇಳಬೇಕಾದದ್ದು ಅದಕ್ಕೆ ಕೆಲವು ತಿಂಗಳು ಹಿಂದಿನ ಒಂದು ದಿನದ ಮಾತು.

ಕನ್ನಡ ನಾಡು ಒಂದಾದ ನವೆಂಬರ್ ಒಂದರ ದಿನ ಅದು. ಹೆಸರು ಮಾತ್ರ ಮೈಸೂರು ಎಂದೇ ಇಟ್ಟರು, ಆ ಬಗ್ಗೆ ಇವರಿಗೆ ಅಸಮಾಧಾನವಿತ್ತು. ಬೆಟಗೇರಿಯಿಂದ ಗದಗಿಗೆ ಮೆರವಣಿಗೆ ಹೊರಟಿತ್ತು. ನಮ್ಮ ಮನೆಯ ಮುಂದೆ ಅದನ್ನು ನಿಲ್ಲಿಸಿ ಮಾಸ್ತರರಿಗೆ ಹಾರ ಹಾಕಬೇಕೆಂದು ಹೆಡ್ ಮಾಸ್ತರರು ಹೇಳಿ ಕಳಿಸಿದ್ದರು. ನಾನು ನಸುಕಿನಲ್ಲೇ ಎದ್ದು ಅಂಗಳ ಸಾರಿಸಿ, ಇವರಿಗೆ ಎರೆದು, ಗಡ್ಡ ತೆಗೆದು, ಹೊಸ ಅಂಗಿ ತೊಡಿಸಿ, ಗಂಜಿ ಕುಡಿಸಿ, ಬರುವ ಮಂದಿಗೆ ಚಹಾಕ್ಕೆ ಇಟ್ಟಿದ್ದೆ. ಗಂಜಿ ಗಂಟಲಿಗೆ ಹತ್ತದಂತೆ ಕುಡಿಸುವುದಕ್ಕೇ ಅರ್ಧ ಮುಂಜಾನೆ ಹೋಗುತ್ತಿತ್ತು. ಪಕ್ಕದ ನೇಕಾರ ಮತ್ತು ಇನ್ನಿಬ್ಬರು ಮಂಚವನ್ನು ಎತ್ತಿ ಕಟ್ಟೆಯ ಮೇಲೆ ತಂದಿಟ್ಟು, ದಿಂಬು ಒರಗಿಸಿ ಇವರನ್ನು ಕೂಡಿಸಿದರು.

ಮಂದಿ ಬಂದರು. ಡೊಳ್ಳು ನಿಂತಿತು. ಗೋಪುರದಿಂದ ಬಿದ್ದಿದ್ದ ಹುಡುಗರು ಈಗ ಮೀಸೆ ಬಂದ ಗಂಡಸರಾಗಿ ಸಾಲಾಗಿ ನಿಂತಿದ್ದರು. ಹೆಡ್ ಮಾಸ್ತರರು ಹಾರ ಹಾಕಿ, ಬಾಗಿ, ಮಾಸ್ತರ, ಇಂಥಾ ದಿನ ಒಂದು ಮಾತು ಹೇಳ್ರಿ ಎಂದರು. ಓಣಿ ತುಂಬ ಮಂದಿ, ಒಂದು ಕೆಮ್ಮೂ ಇಲ್ಲ. ಜೀವಮಾನವೆಲ್ಲ ಅವರು ಬಯಸಿದ್ದ ಸಭೆ ಅದು. ಇನ್ನು ಯಾವ ಎಲುಬು ಬರುತ್ತದೋ ಎಂದು ನಾನು ಚಹಾದ ಬಟ್ಟಲುಗಳನ್ನು ಹಿಡಿದು ಮಂಚದ ಪಕ್ಕದಲ್ಲಿ ಕಾದೆ.

ಅವರು ಮಂದಿಯನ್ನು ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ ಕಣ್ಣು ತಿರುಗಿಸಿ, ಎರಡು ಸಲ ಉಸಿರು ತೆಗೆದು ಏನೋ ಉಲಿದರು.

"ಏನಂದ್ರವಾ?" ಎಂದು ಹೆಡ್ ಮಾಸ್ತರರು ಕೇಳಿದರು.

ನಾನು ಮಂದಿಯ ಕಡೆ ತಿರುಗಿದೆ. "ಕನ್ನಡ ನಾಡು ಒಂದಾತು, ಕಣ್ತುಂಬ ನೋಡಿದೆ ಅಂತಾರ್ರಿ," ಎಂದೆ.

ಮಂದಿ ಜಯಕಾರ ಹಾಕಿದರು. ಟೋಪಿಗಳು ಮೇಲೆ ಹಾರಿದವು, ಡೊಳ್ಳು ಮತ್ತೆ ಶುರುವಾಯಿತು. ಆ ಗದ್ದಲದಲ್ಲಿ ಇವರು ನನ್ನನ್ನೇ ನೋಡುತ್ತಿದ್ದರು. ಈ ಸಲ ಬೈಗುಳ ಇರಲಿಲ್ಲ. ಅವರು ಖರೆ ಹೇಳಿದ್ದು ಇಷ್ಟೇ:

"ಮುಂಜಾನಿಂದ ನಿಂತೀದಿ. ಬಾ, ನನ್ನ ಬಾಜೂ ಒಂದೀಟು ಕುಂಡ್ರು."

ಹಿರಿಯರೆದುರು, ಓಣಿಯೆದುರು, ಹೆಂಗಸು ಗಂಡನ ಮಂಚದ ಮೇಲೆ ಕೂರುವ ಕಾಲ ಅದಲ್ಲ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಾನು ಬಟ್ಟಲುಗಳನ್ನು ನೇಕಾರನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಅವರ ಬಾಜೂಕ್ಕೆ ಕುಳಿತೆ.